ಶೂ ಡಬ್ಬದಲ್ಲಿ ಬಂದ ಹಳೆಯ ರಾಕೆಟ್ ಎಂಜಿನ್: ಹಾರಿಸಬಹುದಾ?

ಪ್ರಶ್ನೆ: ನಾವು ಟೆಕ್ಸಾಸ್‌ನ ಪ್ಲೇನೋದಲ್ಲಿದ್ದೇವೆ. ಪಕ್ಕದ ಮನೆಯ ಅಜ್ಜ ಮನೆ ಮಾರಿ ಮಗಳ ಊರಿಗೆ ಹೋದರು. ಹೋಗುವಾಗ ನನ್ನ ಮಗನಿಗೆ (10 ವರ್ಷ) ಒಂದು ಶೂ ಡಬ್ಬದ ತುಂಬ ಮಾಡೆಲ್ ರಾಕೆಟ್ ಎಂಜಿನ್‌ಗಳನ್ನು ಕೊಟ್ಟರು. ಜೊತೆಗೆ ಒಂದು ರಾಕೆಟ್ಟೂ ಇದೆ. ಎಂಜಿನ್ ಮೇಲೆ ಎ8-3, ಬಿ6-4, ಸಿ6-5 ಅಂತ ಬರೆದಿದೆ. ಕೆಲವು 1990ರ ದಶಕದವು. ಕೆಂಪು ಅಕ್ಷರದ ಸಿ6-0 ನಾಲ್ಕು, ದಪ್ಪಗಿರುವ ಡಿ12-5 ಮೂರು, ಕಪ್ಪು ಪ್ಲಾಸ್ಟಿಕ್ಕಿನ ಎಫ್ ಒಂದು ಇದೆ. ಇವನ್ನು ಹಾರಿಸಬಹುದಾ? ಊರಿಂದ ಬಂದಿರುವ ನಮ್ಮತ್ತೆ, "ದೀಪಾವಳಿ ಪಟಾಕಿ ಥರ ಎರಡು ದಿನ ಬಿಸಿಲಿಗಿಡಿ, ಸರಿಹೋಗುತ್ತೆ" ಅಂತಾರೆ. ಡಿಸೆಂಬರ್‌ನಲ್ಲಿ ಹಾಸನಕ್ಕೆ ಹೋಗುವಾಗ ಅಣ್ಣನ ಮಗನಿಗೆ ನಾಲ್ಕು ಎಂಜಿನ್ ತೆಗೆದುಕೊಂಡು ಹೋಗಬಹುದಾ?

ಉತ್ತರ: ಡಬ್ಬ ಈಗಾಗಲೇ ಬಿಸಿಲಲ್ಲಿದ್ದರೆ ಮೊದಲು ಎದ್ದು ಹೋಗಿ ಒಳಗೆ ತನ್ನಿ. ಉಳಿದದ್ದು ಆಮೇಲೆ ಓದಿದರಾಯಿತು.

ನಿಮ್ಮತ್ತೆ ಹೇಳಿದ್ದು ಎಲ್ಲರ ಮನೆಯಲ್ಲೂ ನಡೆದುಬಂದದ್ದೇ. ನಮ್ಮನೆಯಲ್ಲೂ ಹಬ್ಬಕ್ಕೆ ಮೂರು ದಿನ ಇರುವಾಗ ಪಟಾಕಿ ಮೊರದಲ್ಲಿ ಕೂತು ತಾರಸಿ ಏರುತ್ತಿತ್ತು. ಕಾಗೆ ಬಾರದ ಹಾಗೆ ಕಾಯುವ ಕೆಲಸ ನನ್ನದು. ಮಳೆಗಾಲ ಕಳೆದು ಬಂದ ಪಟಾಕಿಗೆ ತೇವದ ಕಾಯಿಲೆ. ಬತ್ತಿ ಮೆತ್ತಗಾಗಿರುತ್ತದೆ, ಬಿಸಿಲು ಕಂಡರೆ ಒಣಗುತ್ತದೆ. ಆದರೆ ರಾಕೆಟ್ ಎಂಜಿನ್‌ನ ಕಾಯಿಲೆ ಬೇರೆ. ಅದಕ್ಕೆ ಬಿಸಿಲೇ ಕಾಯಿಲೆ.

ಯಾಕೆ ಅಂತ ತಿಳಿಯಬೇಕಾದರೆ ಒಂದು ಎಂಜಿನ್ ಕೈಗೆತ್ತಿಕೊಳ್ಳಿ. ಸಿ6-5 ಆದರೆ ನಿಮ್ಮ ಹೆಬ್ಬೆರಳಿಗಿಂತ ಸ್ವಲ್ಪ ಉದ್ದ: 70 ಮಿಲಿಮೀಟರ್ ಉದ್ದ, 18 ಮಿಲಿಮೀಟರ್ ದಪ್ಪ. ಹೊರಗೆ ಸುತ್ತಿ ಸುತ್ತಿ ಗಟ್ಟಿ ಮಾಡಿದ ಕಾಗದದ ಕೊಳವೆ. ಒಂದು ತುದಿಯಲ್ಲಿ ಜೇಡಿಮಣ್ಣಿನ ನಾಜಲ್, ಅದರ ನಡುವೆ ಸಣ್ಣ ತೂತು. ಅದರ ಹಿಂದೆ ಮದ್ದು. ಪೆಟ್ಲುಪ್ಪು, ಇದ್ದಿಲು, ಗಂಧಕ ಸೇರಿದ ಹಳೇ ಕಾಲದ ಕೋವಿಮದ್ದೇ, ಆದರೆ ಯಂತ್ರದಲ್ಲಿ ಅದುಮಿ ಅದುಮಿ ಕಲ್ಲಿನ ಹಾಗೆ ಮಾಡಿರುತ್ತಾರೆ. ಅದರ ಹಿಂದೆ ನಿಧಾನ ಉರಿಯುವ ಹೊಗೆಮದ್ದು. ಕೊನೆಯಲ್ಲಿ ಒಂದು ಚಿಟಿಕೆ ಸಡಿಲ ಮದ್ದು, ಪ್ಯಾರಾಚೂಟನ್ನು ಹೊರಗೆ ತಳ್ಳುವುದಕ್ಕೆ. ಅದರ ಮೇಲೆ ಮತ್ತೆ ಮಣ್ಣಿನ ಮುಚ್ಚಳ.

ಈ ಮದ್ದು ಉರಿಯಬೇಕಾದದ್ದು ಊದುಬತ್ತಿಯ ಹಾಗೆ, ತುದಿಯಿಂದ, ಪದರ ಪದರವಾಗಿ. ಯಾವ ಕ್ಷಣದಲ್ಲೂ ಒಂದು ಅಂಗಿ ಗುಂಡಿಯಷ್ಟು ಜಾಗ ಮಾತ್ರ ಉರಿಯುತ್ತಿರುತ್ತದೆ. ಅಷ್ಟು ಗ್ಯಾಸ್ ಆ ಸಣ್ಣ ತೂತಿನಲ್ಲಿ ಹೊರಗೆ ಹೋಗುತ್ತದೆ. ಲೆಕ್ಕ ಸರಿಯಾಗಿರುತ್ತದೆ. ಸಿ6 ಎರಡು ಸೆಕೆಂಡಿಗಿಂತ ಸ್ವಲ್ಪ ಕಡಿಮೆ ಹೊತ್ತು ಹೀಗೆ ಉರಿದು ಮುಗಿಯುತ್ತದೆ.

ಈಗ ಟೆಕ್ಸಾಸ್ ಅಟ್ಟ ನೆನಪು ಮಾಡಿಕೊಳ್ಳಿ. ಆಗಸ್ಟ್ ಮಧ್ಯಾಹ್ನ ಅಲ್ಲಿ 60 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ದೊಡ್ಡ ವಿಷಯವಲ್ಲ. ಜನವರಿ ರಾತ್ರಿ ಸೊನ್ನೆಯ ಹತ್ತಿರ. ಬಿಸಿಗೆ ಕಾಗದ ಒಂದಷ್ಟು ಹಿಗ್ಗುತ್ತದೆ, ಮದ್ದು ಇನ್ನೊಂದಷ್ಟು. ಎರಡರ ಲೆಕ್ಕ ಒಂದೇ ಅಲ್ಲ. ವರ್ಷಗಟ್ಟಲೆ ಹೀಗೆ ಹಿಗ್ಗಿ ಕುಗ್ಗಿ, ಗೋಡೆಯಿಂದ ಗಾರೆ ಬಿಟ್ಟುಕೊಳ್ಳುವ ಹಾಗೆ ಮದ್ದು ಕೊಳವೆಯಿಂದ ಬಿಟ್ಟುಕೊಳ್ಳುತ್ತದೆ. ಇಲ್ಲವೇ ಮದ್ದಿನಲ್ಲೇ ಕೂದಲೆಳೆಯಂಥ ಬಿರುಕು ಬೀಳುತ್ತದೆ. ಕಿಡಿ ಹತ್ತಿದಾಗ ಬೆಂಕಿ ತುದಿಯಲ್ಲಿ ನಿಲ್ಲುವುದಿಲ್ಲ. ಬಿರುಕಿನೊಳಗೆ ನುಗ್ಗುತ್ತದೆ, ಪಕ್ಕದ ಸಂದಿಯಲ್ಲಿ ಓಡುತ್ತದೆ. ಗುಂಡಿಯಷ್ಟು ಜಾಗದ ಬದಲು ಇಡೀ ಮೈ ಉರಿಯುತ್ತದೆ. ಆ ಗ್ಯಾಸೆಲ್ಲ ಸಣ್ಣ ತೂತಲ್ಲಿ ಹೋಗಲು ಆಗುವುದಿಲ್ಲ. ಆಗ ನಾಜಲ್ ಕಿತ್ತು ಹೋಗುತ್ತದೆ, ಅಥವಾ ಮೇಲಿನ ಮುಚ್ಚಳ ಹಾರಿ ಬೆಂಕಿ ರಾಕೆಟ್ಟಿನೊಳಗೇ ನುಗ್ಗುತ್ತದೆ, ಅಥವಾ ಕೊಳವೆ ಪಕ್ಕಕ್ಕೆ ಸೀಳುತ್ತದೆ. ಈ ಹವ್ಯಾಸದವರು ಇದಕ್ಕೆ 'ಕೇಟೋ' ಅನ್ನುತ್ತಾರೆ.

ಹಾಗಾಗಿ ಇಸವಿ ನೋಡಿ ತೀರ್ಮಾನ ಮಾಡಬೇಡಿ. ಮನೆಯೊಳಗೆ ಬೀರುವಿನಲ್ಲಿದ್ದ ಮೂವತ್ತು ವರ್ಷದ ಎಂಜಿನ್‌ಗಳು ಹೊಸದರ ಹಾಗೆ ಹಾರಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಒಂದು ಬೇಸಿಗೆ ಕಾರಿನ ಡಿಕ್ಕಿಯಲ್ಲಿದ್ದ ಹೊಸ ಪ್ಯಾಕೆಟ್ ಕೆಟ್ಟದ್ದೂ ಉಂಟು. ಕೋವಿಮದ್ದು ಸುಮ್ಮನೆ ಕೂತರೆ ಹಾಲಿನ ಹಾಗೆ ಹುಳಿಯುವ ಪದಾರ್ಥ ಅಲ್ಲ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ, ಅಂದರೆ ಹಳೆಯ ಬಿದನೂರಿನಲ್ಲಿ, ಒಂದು ಪಾಳುಬಾವಿಯಿಂದ ಟಿಪ್ಪು ಕಾಲದ ಸಾವಿರಕ್ಕೂ ಜಾಸ್ತಿ ರಾಕೆಟ್ ತೆಗೆದರಲ್ಲ, ಆಗ ಬಾವಿಯ ಕೆಸರೇ ಮದ್ದಿನ ವಾಸನೆ ಹೊಡೆಯುತ್ತಿತ್ತಂತೆ. ಇನ್ನೂರು ವರ್ಷ ದಾಟಿದ ಮೇಲೆ! ಅವು ಕಬ್ಬಿಣದ ಕೊಳವೆಯವು, ಕೊಳವೆ ತುಕ್ಕು ಹಿಡಿದಿತ್ತು. ನಿಮ್ಮವು ಕಾಗದದವು, ಅವಕ್ಕೆ ಬೇರೆ ಕಷ್ಟ.

ಪಕ್ಕದ ಮನೆಯ ಅಜ್ಜನ ನಂಬರ್ ಇರಬೇಕಲ್ಲ? ಫೋನ್ ಮಾಡಿ ಒಂದೇ ಮಾತು ಕೇಳಿ: ಡಬ್ಬ ಎಲ್ಲಿತ್ತು? ಏಸಿ ಇರುವ ಕೋಣೆಯ ಕಪಾಟು ಅಂದರೆ ಮುಂದಕ್ಕೆ ಓದಿ. ಅಟ್ಟ, ಗ್ಯಾರೇಜು, ಹಿತ್ತಲ ಶೆಡ್ಡು ಅಂದರೆ ನೇರ ಬಕೆಟ್ಟಿಗೆ. ಅದರ ವಿಧಾನ ಕೆಳಗಿದೆ. "ನೆನಪಿಲ್ಲಪ್ಪ" ಅಂದರೂ ಬಕೆಟ್ಟೇ. ಹತ್ತು ವರ್ಷದ ಮಗು ಪಕ್ಕದಲ್ಲಿ ನಿಂತಿರುವಾಗ ಅನುಮಾನದ ಲಾಭ ಎಂಜಿನ್‌ಗೆ ಕೊಡಬಾರದು. ಹೊಸ ಮೂರರ ಪ್ಯಾಕೆಟ್‌ಗೆ ಆಗುವ ಖರ್ಚು ಒಂದು ಪಿಜ್ಜಾಗಿಂತ ಜಾಸ್ತಿ ಏನಲ್ಲ.

ಅಂದ ಹಾಗೆ, ಶೂ ಡಬ್ಬ ಅಂತ ಓದಿ ನಗು ಬಂತು. ಈ ಹವ್ಯಾಸ ಶುರುವಾದದ್ದೇ ಶೂ ಅಂಗಡಿಯಿಂದ. ನೆಬ್ರಾಸ್ಕಾದ ನಾರ್‌ಫೋಕ್ ಊರಿನ ಶೂ ವ್ಯಾಪಾರಿ ಆರ್ವಿಲ್ ಕಾರ್ಲೈಲ್ 1954ರಲ್ಲಿ ಮೊದಲ ಮಾಡೆಲ್ ರಾಕೆಟ್ ಮಾಡಿದ್ದು. ಎಂಜಿನ್ ಮಾಡುವ ಯಂತ್ರ ಕಟ್ಟಿದವರು ವರ್ನ್ ಎಸ್ಟಿಸ್, ಆ ದಶಕದ ಕೊನೆಯಲ್ಲಿ. ಯಂತ್ರಕ್ಕೆ 'ಮೇಬಲ್' ಅಂತ ಹೆಸರಿಟ್ಟಿದ್ದರು.

ಸರಿ, ಡಬ್ಬ ಮನೆಯೊಳಗೇ ಇತ್ತು ಅಂತಿಟ್ಟುಕೊಳ್ಳೋಣ. ಈಗ ಒಂದೊಂದನ್ನೇ ಟೇಬಲ್ ದೀಪದ ಕೆಳಗೆ ಹಿಡಿದು ನೋಡಿ. ದೀಪ ಅಂದರೆ ಎಲ್‌ಇಡಿ, ಒಲೆ ಮೇಲಿನ ದೀಪ ಅಲ್ಲ! ನಾಜಲ್ ತುದಿ ನುಣ್ಣಗೆ, ಗಟ್ಟಿಯಾಗಿರಬೇಕು. ಉಗುರು ತಾಗಿದರೆ ಪುಡಿ ಉದುರುತ್ತಾ? ಬೇಡ. ಇನ್ನೊಂದು ತುದಿಯ ಮಣ್ಣಿನ ಮುಚ್ಚಳ ಬಿರಿದು ಕರಿ ಪುಡಿ ಡಬ್ಬದ ತಳದಲ್ಲಿ ಬಿದ್ದಿದೆಯಾ? ಬೇಡ. ಕಾಗದದ ಪದರ ಬಿಚ್ಚಿಕೊಂಡಿದೆಯಾ, ಮೈ ಉಬ್ಬಿದೆಯಾ? ಉಬ್ಬಿದ್ದು ಕಣ್ಣಿಗಿಂತ ಬೇಗ ಕೈಗೆ ಗೊತ್ತಾಗುತ್ತದೆ: ರಾಕೆಟ್ಟಿನ ತಳದ ಗೂಡಿಗೆ ಸಲೀಸಾಗಿ ಜಾರಬೇಕಾದ ಎಂಜಿನ್ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ. ಅಂಥದ್ದನ್ನು ಸ್ಯಾಂಡ್‌ಪೇಪರ್ ಹಾಕಿ ಉಜ್ಜಿ ತುರುಕಬೇಡಿ. ತೇವ ಕುಡಿದ ಕಾಗದ ಅದು. ಕಿವಿಯ ಹತ್ತಿರ ಮೆಲ್ಲಗೆ ಓರೆ ಮಾಡಿದಾಗ ಒಳಗೆ ಏನೋ ಗಟ್ಟಿ ತುಂಡು ಕದಲಿದ ಸದ್ದು ಬಂದರೂ ಬೇಡ. ಕೈಜಾರಿ ಸಿಮೆಂಟ್ ನೆಲಕ್ಕೆ ಬಿದ್ದ ಎಂಜಿನ್ನೂ ಬೇಡ, ಹೊರಗೆ ಗೆರೆ ಬೀಳದಿದ್ದರೂ ಒಳಗೆ ಬಿರುಕು ಬಿಟ್ಟಿರಬಹುದು.

ಇಷ್ಟೆಲ್ಲ ನೋಡಿದ ಮೇಲೂ ಒಂದು ಮಾತು. ಈ ಪರೀಕ್ಷೆಯಲ್ಲಿ ಕೆಟ್ಟದ್ದು ಸಿಕ್ಕಿಬೀಳುತ್ತದೆ, ಆದರೆ ಪಾಸಾದದ್ದೆಲ್ಲ ಒಳ್ಳೆಯದು ಅಂತ ಅಲ್ಲ. ಮದ್ದು ಕೊಳವೆಯಿಂದ ಬಿಟ್ಟುಕೊಂಡದ್ದು ಹೊರಗಿಂದ ಕಾಣುವುದೇ ಇಲ್ಲ. ಅದು ಗೊತ್ತಾಗುವುದು ಬೆಂಕಿ ಹತ್ತಿದಾಗಲೇ.

ನನಗೆ ಇದು ಗೊತ್ತಾದದ್ದು ಫೀನಿಕ್ಸ್‌ನಲ್ಲಿ. ಮೂರು ಡಿ ಎಂಜಿನ್‌ಗಳ ಒಂದು ಪ್ಯಾಕೆಟ್ ಗ್ಯಾರೇಜಿನ ಶೆಲ್ಫ್ ಮೇಲೆ ಎರಡು ಬೇಸಿಗೆ ಕಳೆದಿತ್ತು. ಇಟ್ಟವನು ನಾನೇ, ಮರೆತವನೂ ನಾನೇ. ಮೊದಲನೆಯದು ಚೆನ್ನಾಗಿ ಹಾರಿತು, ಪ್ಯಾರಾಚೂಟ್ ಬಿಚ್ಚಿಕೊಂಡು ಕಾಲ ಬುಡಕ್ಕೇ ಬಂದು ಇಳಿಯಿತು. ಆ ಧೈರ್ಯದಲ್ಲಿ ಎರಡನೆಯದನ್ನು ಮಗಳ ರಾಕೆಟ್ಟಿಗೆ ಹಾಕಿದೆ. ಮೂರು ವಾರ ಕೂತು ಬಣ್ಣ ಹಚ್ಚಿದ್ದಳು. ಬಟನ್ ಒತ್ತಿದಾಗ 'ಸುಂಯ್' ಅನ್ನಬೇಕಾದದ್ದು 'ಟಪ್' ಅಂದಿತು. ರಾಕೆಟ್ ಎರಡಡಿ ಎದ್ದಿತು, ಎರಡೂ ತುದಿಯಿಂದ ಬೆಂಕಿ. ಮೂತಿ ಒಂದು ಕಡೆ, ರೆಕ್ಕೆ ಒಂದು ಕಡೆ. ಕೊಳವೆ ಬಾಳೆಹಣ್ಣಿನ ಸಿಪ್ಪೆ ಥರ ನಾಲ್ಕಾಗಿ ಬಿಚ್ಚಿಕೊಂಡಿತ್ತು. ನಾವು ಮೂವತ್ತು ಅಡಿ ದೂರದಲ್ಲಿದ್ದೆವು, ಯಾರಿಗೂ ಏನೂ ಆಗಲಿಲ್ಲ. ಮಗಳು ಮಾತ್ರ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೆಯದನ್ನು ಅವತ್ತೇ ಸಂಜೆ ನೀರಿಗೆ ಹಾಕಿದೆ.

ಅದಕ್ಕೇ ಹೇಳುವುದು, ಹಳೆಯ ಪ್ಯಾಕೆಟ್‌ನಿಂದ ಒಂದು ಹಾರಿತು ಅಂದರೆ ಉಳಿದ ಎರಡಕ್ಕೆ ಸರ್ಟಿಫಿಕೇಟ್ ಸಿಕ್ಕಿತು ಅಂತಲ್ಲ. ಒಂದು ಸಿಡಿದರೆ ಮಾತ್ರ ಉಳಿದವಕ್ಕೆ ಖಂಡಿತ ತೀರ್ಪು. ಅನ್ನದಲ್ಲಿ ಒಂದಗುಳು ಹಿಸುಕಿ ನೋಡುವ ಲೆಕ್ಕ ಇಲ್ಲಿ ಒಂದೇ ದಿಕ್ಕಿಗೆ ಓಡುತ್ತದೆ.

ಹಾರಿಸುವಾಗ ಚಿಕ್ಕದರಿಂದ ಶುರು ಮಾಡಿ, ಎ8-3. ಇಂಗ್ಲಿಷ್ ಅಕ್ಷರ ಒಂದು ಮೆಟ್ಟಿಲು ಏರಿದರೆ ಒಟ್ಟು ಬಲದ ಮಿತಿ ಎರಡರಷ್ಟಾಗುತ್ತದೆ: ಎ ಅಂದರೆ 2.5 ನ್ಯೂಟನ್-ಸೆಕೆಂಡ್‌ವರೆಗೆ, ಬಿ 5, ಸಿ 10, ಡಿ 20. ಅಕ್ಷರದ ಪಕ್ಕದ ಅಂಕಿ ಸರಾಸರಿ ತಳ್ಳುಬಲ, ನ್ಯೂಟನ್‌ನಲ್ಲಿ. ಅಡ್ಡಗೆರೆ ಆದಮೇಲಿನದು ಉರಿದು ಮುಗಿದ ಎಷ್ಟು ಸೆಕೆಂಡಿಗೆ ಪ್ಯಾರಾಚೂಟ್ ತಳ್ಳುತ್ತದೆ ಅನ್ನುವುದು. ಹಳೆಯದರಲ್ಲಿ ಈ ಕೊನೆಯ ಲೆಕ್ಕವೂ ತಪ್ಪಬಹುದು. ತೀರಾ ತಡವಾದರೆ ರಾಕೆಟ್ ಮೂತಿ ಕೆಳಗೆ ಮಾಡಿಕೊಂಡು ಭರ್ಜಿಯ ಹಾಗೆ ನೆಲಕ್ಕೆ ನಾಟುತ್ತದೆ. ಆದ್ದರಿಂದ ಎಲ್ಲರೂ ನಿಂತಿರಬೇಕು, ಎಲ್ಲರ ಕಣ್ಣೂ ಮೇಲಿರಬೇಕು. ಕುರ್ಚಿ ಹಾಕಿಕೊಂಡು ಫೋನ್ ನೋಡುವವರು ಬೇಡ.

ನ್ಯಾಷನಲ್ ಅಸೋಸಿಯೇಷನ್ ಆಫ್ ರಾಕೆಟ್ರಿಯ ಸುರಕ್ಷತಾ ನಿಯಮ ಡಿವರೆಗಿನ ಎಂಜಿನ್‌ಗೆ 15 ಅಡಿ ದೂರ ಅನ್ನುತ್ತದೆ, ಅದಕ್ಕಿಂತ ದೊಡ್ಡದಕ್ಕೆ 30 ಅಡಿ. ಹಳೆಯದಾದರೆ ಎ ಇರಲಿ ಡಿ ಇರಲಿ, ನನ್ನದು 30 ಅಡಿಯೇ. ಅಂಗಡಿ ಕಂಟ್ರೋಲರ್‌ನ, ಅಂದರೆ ದೂರದಿಂದ ಬಟನ್ ಒತ್ತಿ ಕಿಡಿ ಹಚ್ಚುವ ಪೆಟ್ಟಿಗೆಯ, ವೈರ್ ಸಾಮಾನ್ಯವಾಗಿ ಅಷ್ಟುದ್ದ ಇರುವುದಿಲ್ಲ. ಹಾಗಾಗಿ ಕ್ಲಬ್ಬಿನ ಹಾರಾಟಕ್ಕೇ ಹೋಗುವುದು ಸಲೀಸು. ನಿಮ್ಮ ಕಡೆ ಡಲ್ಲಾಸ್ ಏರಿಯಾ ರಾಕೆಟ್ ಸೊಸೈಟಿ ಇದೆ. ಅವರ ಹತ್ತಿರ ಉದ್ದ ವೈರ್, ಒಳ್ಳೆಯ ಬ್ಯಾಟರಿ, ಬೆಂಕಿ ಆರಿಸುವ ಸಾಮಾನು ಎಲ್ಲ ಇರುತ್ತದೆ. ಹಳೆಯ ಎಂಜಿನ್ ಅಂತ ಮೊದಲೇ ಹೇಳಿಬಿಡಿ, ಮುಚ್ಚಿಡಬೇಡಿ. ನೀವೇ ಮೈದಾನ ಹುಡುಕುವುದಾದರೆ ಎ ಎಂಜಿನ್‌ಗೆ ಕನಿಷ್ಠ 100 ಅಡಿ ಜಾಗ ಬೇಕು, ಸಿಗೆ 400 ಅಡಿ, ಒಣಹುಲ್ಲು ಇರಬಾರದು. ಕೌಂಟಿಯಲ್ಲಿ ಬೆಂಕಿ ನಿಷೇಧ ಇದೆಯಾ ಅಂತಲೂ ನೋಡಿ. ಟೆಕ್ಸಾಸ್ ಬೇಸಿಗೆಯಲ್ಲಿ ಅದು ಮಾಮೂಲು.

ಬಟನ್ ಒತ್ತಿದರೂ ಏನೂ ಆಗಲಿಲ್ಲ ಅನ್ನಿ. ಹಳೆಯದರಲ್ಲಿ ಇದು ಸಿಡಿಯುವುದಕ್ಕಿಂತ ಎಷ್ಟೋ ಜಾಸ್ತಿ. ಮಕ್ಕಳು ಓಡಲು ನೋಡುತ್ತಾರೆ, ಹಿಡಿದುಕೊಳ್ಳಿ. ಕಂಟ್ರೋಲರ್‌ನ ಕೀ ಕಿತ್ತು ಜೇಬಿಗೆ ಹಾಕಿಕೊಳ್ಳಿ. ಪೂರ್ತಿ 60 ಸೆಕೆಂಡ್ ಕಾಯಿರಿ. ಬಾಯಲ್ಲಿ ಎಣಿಸಬೇಡಿ, ಬೇಗ ಮುಗಿದುಬಿಡುತ್ತದೆ, ಗಡಿಯಾರ ನೋಡಿ. ಆಮೇಲೆ ಹೋಗಿ. ಬಹುತೇಕ ತಪ್ಪು ಎಂಜಿನ್‌ನದಲ್ಲ, ಕಿಡಿ ತಂತಿಯದು. ಹಳೆಯ ಇಗ್ನೈಟರ್‌ನ ತುದಿಗೆ ಹಚ್ಚಿದ ಮದ್ದು ಒಣಗಿ ಚಕ್ಕೆ ಚಕ್ಕೆಯಾಗಿ ಉದುರಿರುತ್ತದೆ. ಅಜ್ಜನ ಡಬ್ಬದಲ್ಲಿ ಅಂಥ ತಂತಿಗಳಿದ್ದರೆ ಬಿಟ್ಟುಬಿಡಿ, ಹೊಸದು ತನ್ನಿ. ತಂತಿ ನಾಜಲ್‌ನೊಳಗೆ ಮದ್ದಿಗೆ ತಾಗುವವರೆಗೆ ಹೋಗಬೇಕು. ಹೋಗದಿದ್ದರೆ ಮೊಳೆ, ಸೂಜಿ, ಡ್ರಿಲ್ ಹಾಕಿ ತೂತು ದೊಡ್ಡದು ಮಾಡುವ ಬುದ್ಧಿವಂತಿಕೆ ಬೇಡ. ಆ ತೂತಿನ ಅಳತೆಯ ಮೇಲೆಯೇ ಒಳಗಿನ ಒತ್ತಡ ನಿಂತಿರುವುದು. ಎಂಜಿನ್ ಸೀಳಿ ಮದ್ದು ತೆಗೆದು ಬೇರೆ ಏನಾದರೂ ಮಾಡೋಣ ಅನ್ನುವ ಯೋಚನೆಯಂತೂ ಮಗನ ತಲೆಯಲ್ಲಿ ಬಾರದಂತೆ ನೋಡಿಕೊಳ್ಳಿ. ಡಬ್ಬಕ್ಕೆ ಬೀಗ ಇರಲಿ.

ಕೆಂಪು ಅಕ್ಷರದ ಸಿ6-0 ಎರಡು ಹಂತದ ರಾಕೆಟ್ಟಿನ ಕೆಳಗಿನ ಹಂತಕ್ಕೆ. ಅದರಲ್ಲಿ ಹೊಗೆಮದ್ದೂ ಇಲ್ಲ, ಪ್ಯಾರಾಚೂಟ್ ತಳ್ಳುವ ಮದ್ದೂ ಇಲ್ಲ. ಒಂಟಿ ರಾಕೆಟ್ಟಿಗೆ ಹಾಕಿದರೆ ಹೋದದ್ದು ಹಾಗೇ ನೆಲಕ್ಕೆ ಬರುತ್ತದೆ. ಸೊನ್ನೆಯನ್ನು ಐದು ಅಂತ ಓದಿ ಹಾಕಿದವರನ್ನು ನೋಡಿದ್ದೇನೆ. ಹಸಿರು ಅಕ್ಷರದ್ದು ಒಂಟಿ ರಾಕೆಟ್ಟಿಗೆ, ನೇರಳೆ ಮೇಲಿನ ಹಂತಕ್ಕೆ. ನಿಮ್ಮ ನಾಲ್ಕು ಕೆಂಪನ್ನು ನೀರಿಗೆ ಹಾಕಿ. ಎರಡು ಹಂತ, ಅಥವಾ ಎರಡು ಮೂರು ಎಂಜಿನ್ ಒಟ್ಟಿಗೆ ಉರಿಸುವ ರಾಕೆಟ್ಟಿಗೆ ಹಳೆಯದು ಖಂಡಿತ ಬೇಡ. ಒಂದು ಕೈಕೊಟ್ಟರೂ ರಾಕೆಟ್ ಅಡ್ಡಡ್ಡ ಹೋಗುತ್ತದೆ.

ಡಿ12 ಮೂರು ಇವೆಯಲ್ಲ, ನಾನಾದರೆ ಅವನ್ನೂ ನೀರಿಗೇ ಹಾಕುತ್ತೇನೆ. ಎಂಜಿನ್ ದೊಡ್ಡದಾದಷ್ಟೂ ಒಳಗಿನ ಮದ್ದಿನ ದಿಂಡು ದೊಡ್ಡದು, ಬಿರುಕಿಗೆ ಅವಕಾಶ ಜಾಸ್ತಿ, ಸಿಡಿದರೆ ಹೊಡೆತವೂ ಜಾಸ್ತಿ. ಡಿ12ರಲ್ಲಿ 20 ಗ್ರಾಂನಷ್ಟು ಮದ್ದಿರುತ್ತದೆ, ಸಿ6ರಲ್ಲಿ ಹೆಚ್ಚುಕಡಿಮೆ ಅದರ ಅರ್ಧ.

ಕಪ್ಪು ಪ್ಲಾಸ್ಟಿಕ್ಕಿನ ಎಫ್ ಬೇರೆ ಜಾತಿಯದು. ಅದರಲ್ಲಿರುವುದು ಕೋವಿಮದ್ದಲ್ಲ, ಅಮೋನಿಯಂ ಪರ್‌ಕ್ಲೋರೇಟ್ ಬೆರೆಸಿದ ರಬ್ಬರಿನಂಥ ಇಂಧನ. ಬಿಸಿ ತಂಪಿಗೆ ಅದು ಅಷ್ಟು ಬಿರಿಯುವುದಿಲ್ಲ. ಆದರೆ ವರ್ಷ ಕಳೆದಂತೆ ಇಂಧನದ ಮೇಲ್ಮೈ ಕೆಟ್ಟು, ಬೆಂಕಿ ಹತ್ತುವುದೇ ಕಷ್ಟವಾಗುತ್ತದೆ. 'ಬುಸ್' ಅಂದು ನಿಲ್ಲುತ್ತದೆ, ಮತ್ತೆ 'ಬುಸ್' ಅನ್ನುತ್ತದೆ. ಅಷ್ಟರಲ್ಲಿ ರಾಕೆಟ್ ತನ್ನನ್ನು ನೇರ ಹಿಡಿದಿರುವ ಕಂಬಿಯಿಂದ ಜಾರಿ ವಾಲಿಕೊಂಡಿದ್ದರೆ, ಮೂರನೇ ಸಲ ಹತ್ತಿದಾಗ ಎತ್ತ ಹೋಗುತ್ತದೋ ಹೇಳಲಾಗದು. ಅದನ್ನು ಕ್ಲಬ್ಬಿನ ಹಿರಿಯರೊಬ್ಬರ ಕೈಗೆ ಕೊಟ್ಟುಬಿಡಿ.

ಬಕೆಟ್ ವಿಧಾನ ಇಷ್ಟೇ. ಹಳೆಯ ಪ್ಲಾಸ್ಟಿಕ್ ಬಕೆಟ್, ತುಂಬ ನೀರು, ಮನೆಯ ಹೊರಗೆ, ನಾಯಿ ಮಕ್ಕಳು ಮುಟ್ಟದ ಕಡೆ. ಕಾಗದದ ಎಂಜಿನ್‌ಗಳನ್ನು ಮುಳುಗಿಸಿ. ಮೊದಲ ದಿನ ಗುಳ್ಳೆ ಬರುತ್ತದೆ ಅಷ್ಟೇ. ಆಮೇಲೆ ಕಾಗದ ಸುರುಳಿ ಬಿಚ್ಚಿಕೊಳ್ಳುತ್ತದೆ, ಮಣ್ಣು ಕರಗುತ್ತದೆ, ನೀರು ಇದ್ದಿಲು ತೊಳೆದ ಹಾಗಾಗುತ್ತದೆ. ಮದ್ದು ಪೂರ್ತಿ ಕೆಸರಾಗುವವರೆಗೆ ಬಿಡಿ, ಅವಸರ ಬೇಡ. ಗ್ಲೌಸ್ ಹಾಕಿಕೊಂಡು, ಒದ್ದೆಯಿರುವಾಗಲೇ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಕಟ್ಟಿ ಕಸಕ್ಕೆ ಹಾಕಿ. ಒಣಗಲು ಬಿಡಬೇಡಿ. ಪ್ಲಾಸ್ಟಿಕ್ ಎಫ್‌ಗೆ ಈ ಉಪಾಯ ನಡೆಯುವುದಿಲ್ಲ, ಆ ಇಂಧನ ನೀರಿಗೆ ಕರಗುವುದಿಲ್ಲ.

ಹಾಸನಕ್ಕೆ? ಇಲ್ಲ. ಹೊಸದಾಗಲಿ ಹಳೆಯದಾಗಲಿ, ರಾಕೆಟ್ ಎಂಜಿನ್ ವಿಮಾನದಲ್ಲಿ ಕೈಚೀಲದಲ್ಲೂ ಒಯ್ಯುವಂತಿಲ್ಲ, ಚೆಕ್-ಇನ್ ಬ್ಯಾಗಿನಲ್ಲೂ ಒಯ್ಯುವಂತಿಲ್ಲ. ಉಪ್ಪಿನಕಾಯಿ ಬಾಟಲಿಯ ಹಾಗೆ ಟವೆಲ್ ಸುತ್ತಿ ದಾಟಿಸುವ ವಿಷಯ ಅಲ್ಲ ಇದು. ಅಣ್ಣನ ಮಗನಿಗೆ ಸೋಡಾ ಬಾಟಲಿ, ಬಿರಡೆ, ಸೈಕಲ್ ಪಂಪ್ ಇಟ್ಟುಕೊಂಡು ನೀರಿನ ರಾಕೆಟ್ ಮಾಡಲು ಕಲಿಸಿ. ಹಾಸನದಲ್ಲೇ ಎಲ್ಲ ಸಾಮಾನು ಸಿಗುತ್ತದೆ, ಅರ್ಧ ದಿನದಲ್ಲಿ ಮುಗಿಯುತ್ತದೆ, ಎಲ್ಲರೂ ಒದ್ದೆಯಾಗುತ್ತೀರಿ.

ಕೊನೆಗೆ, ಅಜ್ಜ ಕೊಟ್ಟ ಆ ರಾಕೆಟ್ ಕಡೆಗೂ ಒಂದು ಕಣ್ಣು ಹಾಯಿಸಿ. ಎಲ್ಲರೂ ಎಂಜಿನ್ ಬಗ್ಗೆ ಕೇಳುತ್ತಾರೆ, ರಬ್ಬರ್ ಮರೆಯುತ್ತಾರೆ. ಮೂತಿಯನ್ನೂ ಮೈಯನ್ನೂ ಕಟ್ಟಿರುವ ರಬ್ಬರ್ ಪಟ್ಟಿಯನ್ನು ಬೆರಳಲ್ಲಿ ಹಿಡಿದು ಒಂದು ಸಲ ಎಳೆಯಿರಿ. ಮೂವತ್ತು ವರ್ಷದ್ದಾದರೆ ಒಣಗಿದ ಶ್ಯಾವಿಗೆ ಥರ ಪಟ್ ಅಂತ ಮುರಿಯುತ್ತದೆ. ಹೊಲಿಗೆ ಅಂಗಡಿಯಲ್ಲಿ ಸಿಗುವ ಕಾಲಿಂಚಿನ ಇಲ್ಯಾಸ್ಟಿಕ್ ಹಾಕಿ, ರಾಕೆಟ್ಟಿನ ಎರಡರಷ್ಟು ಉದ್ದ ಇರಲಿ. ಪ್ಲಾಸ್ಟಿಕ್ ಪ್ಯಾರಾಚೂಟ್ ಮಡಿಕೆಯಲ್ಲೇ ಅಂಟಿಕೊಂಡಿರುತ್ತದೆ. ಮೆಲ್ಲಗೆ ಬಿಡಿಸಿ, ಸ್ವಲ್ಪ ಟಾಲ್ಕಂ ಪೌಡರ್ ಉದುರಿಸಿ, ಹಾರಿಸುವ ದಿನ ಬೆಳಿಗ್ಗೆಯಷ್ಟೇ ಮತ್ತೆ ಮಡಚಿ. ಅದರ ಕೆಳಗೆ ತುರುಕುವ ಕಾಗದ ಬೆಂಕಿ ಹಿಡಿಯದ ವಾಡಿಂಗೇ ಆಗಿರಬೇಕು. ಅಡುಗೆಮನೆಯ ಟಿಶ್ಯೂ ಹಾಕಿದರೆ ಪ್ಯಾರಾಚೂಟೂ ಸುಡುತ್ತದೆ, ಕೆಳಗಿನ ಹುಲ್ಲೂ.